ಬಸ್ಸಿಗೆ ಅನುದಾನವಿದೆ, ಕಿಲೋಮೀಟರಿಗೆ ಯಾರು ಕೊಡುತ್ತಾರೆ?

ನಮಸ್ಕಾರ. ಕೇಂದ್ರ ಸರ್ಕಾರದ ಪಿಎಂ ಇ-ಡ್ರೈವ್ ಯೋಜನೆಯಡಿ ಬೆಂಗಳೂರಿಗೆ 4,500 ಎಲೆಕ್ಟ್ರಿಕ್ ಬಸ್‌ಗಳು ಹಂಚಿಕೆಯಾಗಿವೆ. ಇಷ್ಟು ದೊಡ್ಡ ಪಾಲು ನಮ್ಮ ನಗರಕ್ಕೆ ಸಿಕ್ಕಿರುವುದು ನಿಜಕ್ಕೂ ಸಂತೋಷದ ವಿಷಯ. ಡೀಸೆಲ್ ಹೊಗೆಯ ನಡುವೆ ತಾಸುಗಟ್ಟಲೆ ನಿಂತು ಬಸ್ ಕಾಯುವವರಿಗೆ ಇದರ ಬೆಲೆ ಗೊತ್ತು. ಆದರೆ ಈ ಬಸ್‌ಗಳನ್ನು ವರ್ಷಾನುಗಟ್ಟಲೆ ಓಡಿಸುವ ಹಣ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಯನ್ನು ನಾವು ಈಗಲೇ ಕೇಳಬೇಕು.

ಈ ಯೋಜನೆಯಲ್ಲಿ ಬೆಂಗಳೂರೂ ಸೇರಿ ಒಟ್ಟು 14,028 ಬಸ್‌ಗಳಿಗಾಗಿ ಕೇಂದ್ರ ತೆಗೆದಿಟ್ಟಿರುವುದು 4,391 ಕೋಟಿ ರೂಪಾಯಿ. ಎಲೆಕ್ಟ್ರಿಕ್ ವಾಹನಗಳಿಗೆ ನೆರವು ಕೊಡುತ್ತಿದ್ದ ಕೇಂದ್ರದ ಹಿಂದಿನ ಫೇಮ್-2 ಯೋಜನೆಯಲ್ಲಿ ಹನ್ನೆರಡು ಮೀಟರ್ ಉದ್ದದ ಒಂದು ಬಸ್ಸಿಗೆ ಗರಿಷ್ಠ 55 ಲಕ್ಷ ರೂಪಾಯಿವರೆಗೆ ಸಿಗುತ್ತಿದ್ದ ಸಹಾಯಧನ ಈಗ 35 ಲಕ್ಷಕ್ಕೆ ಇಳಿದಿದೆ. ಇದು ಬಸ್ ರಸ್ತೆಗಿಳಿಯುವ ಹೊತ್ತಿನ ನೆರವು. ಅನಂತರದ ಖರ್ಚಿಗೆ ಬೇರೆಯದೇ ಲೆಕ್ಕವಿದೆ.

ನಗರದ ಸಾರಿಗೆ ನಿಗಮವಾದ ಬಿಎಂಟಿಸಿ ಈ ಬಸ್‌ಗಳನ್ನು ತಾನೇ ಖರೀದಿಸುವುದಿಲ್ಲ. ಗುತ್ತಿಗೆ ಪಡೆದ ಕಂಪನಿಯೇ ಬಸ್ ತಂದು, ಚಾಲಕರನ್ನು ನೇಮಿಸಿಕೊಂಡು, ನಿರ್ವಹಣೆಯನ್ನೂ ನೋಡಿಕೊಳ್ಳುತ್ತದೆ; ಟಿಕೆಟ್ ಕೊಡುವ ನಿರ್ವಾಹಕರು ನಿಗಮದವರು, ಬಂದ ಹಣವೂ ನಿಗಮದ್ದು. ಅದಕ್ಕೆ ಪ್ರತಿಯಾಗಿ ನಿಗಮವು ಓಡಿದ ಪ್ರತಿ ಕಿಲೋಮೀಟರಿಗೆ ನಿಗದಿತ ದರವನ್ನು ಕಂಪನಿಗೆ ಕೊಡಬೇಕು. ಬಸ್ ತುಂಬಿರಲಿ, ಖಾಲಿ ಇರಲಿ, ಆ ಬಿಲ್ ಬದಲಾಗುವುದಿಲ್ಲ. ಇದಕ್ಕೂ ಮೊದಲು ನಿಗಮಕ್ಕೆ 12 ವರ್ಷಗಳ ಗುತ್ತಿಗೆಯ ಮೇಲೆ ಬಂದ 921 ಎಲೆಕ್ಟ್ರಿಕ್ ಬಸ್‌ಗಳನ್ನೇ ತೆಗೆದುಕೊಳ್ಳಿ: ದರ ಕಿಲೋಮೀಟರಿಗೆ ಸುಮಾರು 41 ರೂಪಾಯಿ. ಒಂದೊಂದು ಬಸ್ ದಿನಕ್ಕೆ 200 ಕಿಲೋಮೀಟರ್ ಓಡಿತೆಂದು ಇಟ್ಟುಕೊಂಡರೆ ದಿನದ ಬಿಲ್ 75 ಲಕ್ಷ ದಾಟುತ್ತದೆ, ವರ್ಷಕ್ಕೆ 275 ಕೋಟಿಯ ಹತ್ತಿರ ಬರುತ್ತದೆ. ಇನ್ನು 4,500 ಬಸ್‌ಗಳ ಲೆಕ್ಕವನ್ನು ನೀವೇ ಹಾಕಿ ನೋಡಿ.

ಟಿಕೆಟ್ ಹಣ ಇದಕ್ಕೆ ಸಾಲದಿದ್ದರೆ ಕೊರತೆಯನ್ನು ತುಂಬಬೇಕಾದವರು ರಾಜ್ಯ ಸರ್ಕಾರದವರು. ನಿಗಮ ಪಾವತಿಸದಿದ್ದಲ್ಲಿ ಕಂಪನಿಗೆ ಹಣ ತಲುಪಲೆಂದು ಕೇಂದ್ರವು 2024ರಲ್ಲಿ 3,435 ಕೋಟಿ ರೂಪಾಯಿಯ ಪಾವತಿ ಭದ್ರತಾ ವ್ಯವಸ್ಥೆಯನ್ನು ಮಾಡಿತು. ಹಾಗೆ ಕೊಟ್ಟ ಹಣವನ್ನು ರಿಸರ್ವ್ ಬ್ಯಾಂಕಿನಲ್ಲಿರುವ ರಾಜ್ಯದ ಖಾತೆಯಿಂದಲೇ ಕಡಿತ ಮಾಡಿಕೊಳ್ಳಬಹುದು. ಸಾಲ ಕೊಡುವ ಬ್ಯಾಂಕುಗಳಿಗೆ ಇದರಿಂದ ಧೈರ್ಯ ಬಂದಿತು, ಒಳ್ಳೆಯದೇ. ಆದರೆ ಬ್ಯಾಂಕಿಗೆ ಸಿಕ್ಕ ಭದ್ರತೆ ಪ್ರಯಾಣಿಕರಿಗೆ ಸಿಕ್ಕಿಲ್ಲ. ಹಣ ಮುಗ್ಗಟ್ಟಾದಾಗ ನಿಗಮದ ಕೈಯಲ್ಲಿ ಉಳಿಯುವುದು ಎರಡೇ ದಾರಿ: ಟ್ರಿಪ್ ಕಡಿತ, ಇಲ್ಲವೇ ದರ ಏರಿಕೆ. 2025ರ ಜನವರಿಯಲ್ಲಿ ಟಿಕೆಟ್ ದರ ಶೇಕಡ 15ರಷ್ಟು ಏರಿದ್ದನ್ನು ನಾವು ಮರೆತಿಲ್ಲ. ಹಸು ಕೊಡಿಸಿ ಹುಲ್ಲಿಗೆ ದುಡ್ಡಿಲ್ಲ ಎನ್ನುವ ನೀತಿ ಇದು.

ಚಾಲಕರ ವಿಷಯ ನನಗೆ ಇನ್ನೂ ಹೆಚ್ಚು ಕಳವಳ ತರುತ್ತದೆ. ಒಂದೇ ಬಸ್ಸಿನಲ್ಲಿ ಸ್ಟಿಯರಿಂಗ್ ಹಿಡಿದವರಿಗೆ ಒಬ್ಬ ಧಣಿ, ಟಿಕೆಟ್ ಮೆಷಿನ್ ಹಿಡಿದವರಿಗೆ ಇನ್ನೊಬ್ಬ. ಕಿಲೋಮೀಟರಿಗೆ ಅತಿ ಕಡಿಮೆ ದರ ಕೂಗಿದವರಿಗೇ ಟೆಂಡರ್ ಎಂದಾದಾಗ ಬ್ಯಾಟರಿಯ ಬೆಲೆಯನ್ನಾಗಲಿ, ಬಡ್ಡಿಯನ್ನಾಗಲಿ ಯಾವ ಕಂಪನಿಯೂ ಇಳಿಸಲಾರದು. ಕೈ ಹಾಕಲು ಸುಲಭವಾಗುವುದು ಚಾಲಕರ ಸಂಬಳಕ್ಕೆ. ಸಂಬಳದ ವಿಚಾರಕ್ಕೆ ಬೆಂಗಳೂರಿನಲ್ಲಿ ಇ-ಬಸ್ ಚಾಲಕರು ಕೆಲಸ ನಿಲ್ಲಿಸಿದ್ದೂ ಉಂಟು. ಅಂಥ ದಿನ ಬಸ್‌ಗಳು ಪೂರ್ತಿ ಚಾರ್ಜ್ ಆಗಿ ಡಿಪೊದಲ್ಲಿ ಸಾಲಾಗಿ ನಿಂತಿರುತ್ತವೆ, ಬೆಳಗಿನ ಪಾಳಿಗೆ ಹೊರಟ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸ್ಟಾಪಿನಲ್ಲಿ ನಿಂತಿರುತ್ತಾರೆ.

ಆದ್ದರಿಂದ ರಾಜ್ಯ ಸರ್ಕಾರವು ಮುಂದಿನ ಬಜೆಟ್‌ನಲ್ಲಿ ನಗರ ಸಾರಿಗೆಯ ಕಿಲೋಮೀಟರ್ ವೆಚ್ಚಕ್ಕೆಂದೇ ಪ್ರತ್ಯೇಕ ಲೆಕ್ಕಶೀರ್ಷಿಕೆಯನ್ನು ತೆರೆದು, ಮಹಿಳೆಯರ ಉಚಿತ ಪ್ರಯಾಣದ ಶಕ್ತಿ ಯೋಜನೆಯ ಮರುಪಾವತಿಯೊಂದಿಗೆ ಬೆರೆಸದೆ, ಆ ಹಣವನ್ನು ತಿಂಗಳು ತಿಂಗಳೂ ನಿಗಮಕ್ಕೆ ಬಿಡುಗಡೆ ಮಾಡಬೇಕು. ಗುತ್ತಿಗೆಯಲ್ಲಿ ಚಾಲಕರ ಕನಿಷ್ಠ ವೇತನ, ವಾರದ ರಜೆ ಮತ್ತು ತರಬೇತಿಯ ಅವಧಿಯನ್ನು ಬರೆದಿಡಬೇಕು. ಅದರಿಂದ ದರ ಕಿಲೋಮೀಟರಿಗೆ ಒಂದೆರಡು ರೂಪಾಯಿ ಹೆಚ್ಚಾದರೂ ಸರ್ಕಾರ ಅದನ್ನು ಕೊಡಬೇಕು. ಯಾವ ಡಿಪೊದಿಂದ ಎಷ್ಟು ಟ್ರಿಪ್ ರದ್ದಾಯಿತು, ಯಾವ ಕಾರಣಕ್ಕೆ ರದ್ದಾಯಿತು ಎಂಬ ಮಾಹಿತಿಯನ್ನು ನಿಗಮವು ಪ್ರತಿ ತಿಂಗಳು ಪ್ರಕಟಿಸಬೇಕು. ನಿಮ್ಮ ಕ್ಷೇತ್ರದ ಶಾಸಕರು ಸಿಕ್ಕಾಗ ಹೊಸ ಬಸ್ ಯಾವಾಗ ಬರುತ್ತದೆ ಎಂದಷ್ಟೇ ಕೇಳಬೇಡಿ, ಅದನ್ನು ಓಡಿಸುವ ಹಣವನ್ನು ಬಜೆಟ್‌ನ ಯಾವ ಪುಟದಲ್ಲಿ ಇಟ್ಟಿದ್ದೀರಿ ಎಂದೂ ಕೇಳಿ.