ಮನುಷ್ಯರು ಅಪರೂಪವಾದ ಲೋಕ

ಎಲ್ಲರಿಗೂ ನಮಸ್ಕಾರ.

ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ, ಎಲ್ಲರೂ ಕೂಡಿ ಕಥೆ ಕಟ್ಟುವ ರೋಲ್ ಪ್ಲೇಯಿಂಗ್ ಗೇಮ್ ಆಡಲು ಹೊಸಬರೊಬ್ಬರು ಬಂದು ಕೂರುತ್ತಾರೆ. ಯಾವ ಕ್ಯಾರೆಕ್ಟರ್ ಬೇಕು ಅಂತ ಅವರಿಗೆ ತೋಚುವುದಿಲ್ಲ. ಆಗ ಆಟ ನಡೆಸುವ ಗೇಮ್ ಮಾಸ್ಟರ್ ಹೇಳುವ ಮಾತು ನಿಮಗೆಲ್ಲ ಗೊತ್ತಿದೆ: ‘ಸುಮ್ನೆ ಮನುಷ್ಯನನ್ನೇ ತಗೊಳ್ಳಿ, ಸುಲಭ.’ ಎಲ್ಫ್ ಎಂಬ ಕಾಲ್ಪನಿಕ ಜನ ಅಂದರೆ ಅದರ ಕಾಡು, ಮಾಟ, ಆಯಸ್ಸು ಎಲ್ಲ ವಿವರಿಸಬೇಕು. ಡ್ವಾರ್ಫ್ ಎಂಬ ಕುಳ್ಳ ಜನ ಅಂದರೆ ಗಣಿ, ಕುಲ, ಹಳೇ ಹಗೆ. ಮನುಷ್ಯನಿಗೆ ಯಾವ ವಿವರಣೆಯೂ ಬೇಡ. ಎಲ್ಲಿ ನೋಡಿದರೂ ಅವನೇ ಇರುತ್ತಾನೆ. ಅದೇ ಮನುಷ್ಯರು ಒಂದು ಲೋಕದಲ್ಲಿ ಬೆರಳೆಣಿಕೆಯಷ್ಟೇ ಇದ್ದರೆ ಆಟ ಹೇಗಿರುತ್ತದೆ? ಇವತ್ತು ನಾನು ಮಾತಾಡುವುದು ಅದರ ಬಗ್ಗೆ.

ಈ ಆಟಗಳಲ್ಲಿ ಮನುಷ್ಯರು ಇಷ್ಟು ಜಾಸ್ತಿ ಇರುವುದು ಆಕಸ್ಮಿಕ ಅಲ್ಲ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಡಂಜನ್ಸ್ ಅಂಡ್ ಡ್ರಾಗನ್ಸ್ ಎಂಬ ಇಂಥ ಆಟ ಹೊರತಂದಾಗ ಡ್ವಾರ್ಫ್ ಯೋಧ 6ನೇ ಲೆವೆಲ್, ಅಂದರೆ ಪಾತ್ರ ಬಲಿಯುತ್ತ ಹೋಗುವ ಮೆಟ್ಟಿಲುಗಳಲ್ಲಿ ಆರನೆಯದನ್ನು, ದಾಟುವಂತಿರಲಿಲ್ಲ. ಎಲ್ಫ್ ಯೋಧನಾದರೆ 4ಕ್ಕೆ, ಮಾಂತ್ರಿಕನಾದರೆ 8ಕ್ಕೆ ನಿಲ್ಲಬೇಕಿತ್ತು. ಮನುಷ್ಯರಿಗೆ ಮಾತ್ರ ಮಿತಿ ಇರಲಿಲ್ಲ. ಆಟ ನಡೆಸುವವರಿಗೆ ಬರೆದ 1979ರ ಪುಸ್ತಕ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿ ಗೈಗ್ಯಾಕ್ಸ್ ಈ ನಿಲುವನ್ನು ಬಲವಾಗಿ ಸಮರ್ಥಿಸಿಕೊಂಡರು. ಆಡುವವರು ಮನುಷ್ಯರು, ನಮಗೆ ಚೆನ್ನಾಗಿ ಗೊತ್ತಿರುವುದು ಮನುಷ್ಯರ ಸಮಾಜ, ಹಾಗಾಗಿ ಲೋಕವನ್ನೂ ಅದರ ಮೇಲೇ ಕಟ್ಟಬೇಕು ಅನ್ನುವುದು ಅವರ ವಾದದ ತಿರುಳು. 2000ದಲ್ಲಿ ಬಂದ ಮೂರನೇ ಆವೃತ್ತಿ ಲೆವೆಲ್ ಮಿತಿ ತೆಗೆದುಹಾಕಿತು. ಬದಲಿಗೆ ಮನುಷ್ಯರಿಗೆ ಒಂದು ಫೀಟ್, ಅಂದರೆ ವಿಶೇಷ ಸಾಮರ್ಥ್ಯ, ಮತ್ತೆ ಕೆಲವು ಸ್ಕಿಲ್ ಪಾಯಿಂಟ್ ಹೆಚ್ಚಿಗೆ ಕೊಟ್ಟಿತು.

ಗೈಗ್ಯಾಕ್ಸ್ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಹೊಸದಾಗಿ ಆಡಲು ಕೂತ ಗುಂಪಿಗೆ ಅದು ಇವತ್ತಿಗೂ ಒಳ್ಳೆಯ ಸಲಹೆ. ಆದರೆ ಅದರಿಂದ ಒಂದು ನಷ್ಟವಿದೆ. ನಮ್ಮ ಎಲ್ಫ್, ಡ್ವಾರ್ಫ್‌ಗಳೆಲ್ಲ ಮನುಷ್ಯರ ಊರಿನಲ್ಲಿ, ಮನುಷ್ಯರ ಹೋಟೆಲಿನಲ್ಲಿ, ಮನುಷ್ಯರ ಅಳತೆಯ ಕುರ್ಚಿ ಮೇಲೆ ಕೂತವರಾಗಿಬಿಡುತ್ತಾರೆ. ಅವರ ಕಣ್ಣಿಗೆ ನಾವು ಹೇಗೆ ಕಾಣುತ್ತೇವೆ ಅನ್ನುವ ಪ್ರಶ್ನೆಯೇ ಏಳುವುದಿಲ್ಲ.

ಒಂದು ಉದಾಹರಣೆಯನ್ನು ಬಿಡಿಸಿ ನೋಡೋಣ. 2014ರ ಐದನೇ ಆವೃತ್ತಿಯಲ್ಲಿ ಡ್ವಾರ್ಫ್‌ಗಳಿಗೆ ಕತ್ತಲಲ್ಲೂ 60 ಅಡಿ ಕಾಣುತ್ತದೆ. ಮನುಷ್ಯನಿಗೆ ಪಂಜು ಬೇಕು. ಒಂದು ಪಂಜು ಒಂದು ಗಂಟೆ ಉರಿಯುತ್ತದೆ. 20 ಅಡಿ ಚೆನ್ನಾಗಿ ಕಾಣುತ್ತದೆ, ಮುಂದಿನ 20 ಅಡಿ ಮಸುಕು. ಮಾಮೂಲಿ ಕ್ಯಾಂಪೇನ್‌ನಲ್ಲಿ, ಅಂದರೆ ಹಲವು ಸಲ ಕೂತು ಆಡುವ ಒಂದು ಕಥೆಯಲ್ಲಿ, ಪಂಜಿಗೆ ಒಂದು ತಾಮ್ರದ ನಾಣ್ಯ, ಅದರ ಲೆಕ್ಕ ಯಾರೂ ಇಡುವುದಿಲ್ಲ. ಈಗ ನೆಲದಡಿಯ ಡ್ವಾರ್ಫ್ ನಗರಕ್ಕೆ ಒಬ್ಬಳೇ ಒಬ್ಬ ಮನುಷ್ಯ ಹೆಂಗಸನ್ನು ಕಳಿಸಿ. ಬೀದಿ ದೀಪ ಇಲ್ಲ, ಯಾಕೆಂದರೆ ಯಾರಿಗೂ ಬೇಕಿಲ್ಲ. ಅಂಗಡಿಯಲ್ಲಿ ಪಂಜು ಸಿಗುವುದಿಲ್ಲ. ತಂದಿರುವುದನ್ನು ಹಚ್ಚಿದರೆ ಸುರಂಗದ ತುಂಬ ಹೊಗೆ, ಅಕ್ಕಪಕ್ಕದವರ ತಕರಾರು. ಅವಳು ಬರುವುದು ಬೀದಿಯ ಆ ತುದಿಯಿಂದಲೇ ಎಲ್ಲರಿಗೂ ಗೊತ್ತಾಗುತ್ತದೆ, ಅವಳಿಗೆ ಮಾತ್ರ ತನ್ನ ಸುತ್ತಲಿನ ನಲವತ್ತು ಅಡಿ ಬಿಟ್ಟು ಬೇರೇನೂ ಕಾಣದು.

ಅದೇ ನಿಯಮದಲ್ಲಿ ಇನ್ನೊಂದು ಸಾಲಿದೆ. ಆ ಕತ್ತಲ ದೃಷ್ಟಿಗೆ ಬಣ್ಣ ಕಾಣುವುದಿಲ್ಲ, ಎಲ್ಲವೂ ಬೂದು. ಅಂದರೆ ಪಂಜು ಹಿಡಿದು ಅವಳು ದೇವಸ್ಥಾನದೊಳಗೆ ಹೋದರೆ, ದಿನಾ ಅಲ್ಲೇ ಆಡುವ ಡ್ವಾರ್ಫ್ ಮಕ್ಕಳಿಗೆ ಗೋಡೆಯ ಕಲ್ಲು ಕೆಂಪಗಿದೆ ಅಂತ ಮೊದಲ ಸಲ ಗೊತ್ತಾಗುತ್ತದೆ. ಇದಕ್ಕೆ ನೀವು ಹೊಸ ನಿಯಮ ಬರೆಯಬೇಕಿಲ್ಲ. ಎಲ್ಲ ಪುಸ್ತಕದಲ್ಲೇ ಇದೆ. ಮನುಷ್ಯರನ್ನು ಕಡಿಮೆ ಮಾಡಿದ ತಕ್ಷಣ ಎದ್ದು ಕಾಣುತ್ತದೆ, ಅಷ್ಟೇ.

ಆಯಸ್ಸಿನದೂ ಹಾಗೇ. ಅದೇ ಪುಸ್ತಕದಲ್ಲಿ ಎಲ್ಫ್ 750 ವರ್ಷ ಬದುಕಬಹುದು. ಎಲ್ಫ್ ವ್ಯಾಪಾರಿಯ ಹತ್ತಿರ ಇನ್ನೂರು ವರ್ಷದ ಹಿಂದೆ ಒಬ್ಬ ಮನುಷ್ಯ ಸಾಲ ಮಾಡಿ ಹೋಗಿದ್ದಾನೆ ಅಂದುಕೊಳ್ಳಿ. ಆಮೇಲೆ ಆ ವ್ಯಾಪಾರಿ ನೋಡಿದ ಮೊದಲ ಮನುಷ್ಯ ನೀವು. ‘ಬಂದಿರಾ? ಕೊಡಿ ಮತ್ತೆ’ ಅನ್ನುತ್ತಾನೆ. ಅಪರೂಪದ ಜನರ ನಿಜವಾದ ಕಷ್ಟ ಇಲ್ಲಿದೆ. ಒಬ್ಬ ಮಾಡಿದ್ದು ಎಲ್ಲರ ಖಾತೆಗೆ ಬೀಳುತ್ತದೆ. ನೀವು ಒಳ್ಳೆಯವರೋ ಕೆಟ್ಟವರೋ ಅಂತ ಕೇಳುವ ಮೊದಲೇ ನಿಮ್ಮ ಜನ ಹೀಗೆ ಅಂತ ತೀರ್ಮಾನ ಆಗಿರುತ್ತದೆ. ನಮ್ಮಲ್ಲಿ ಎಷ್ಟೋ ಜನ ಇದನ್ನು ಬೇರೆ ಊರಿನಲ್ಲಿ, ಬೇರೆ ದೇಶದಲ್ಲಿ ಅನುಭವಿಸಿದ್ದೇವೆ, ಅಲ್ವಾ?

ಪ್ರಕಟವಾದ ಆಟಗಳಲ್ಲೂ ಈ ದಾರಿ ಹಿಡಿದವು ಇವೆ. 1993ರ ಅರ್ತ್‌ಡಾನ್‌ನಲ್ಲಿ ಮನುಷ್ಯರು ಇದ್ದಾರೆ, ಆದರೆ ಎಲ್ಲರೂ ಆಡುವ ವ್ಯವಹಾರದ ಭಾಷೆ ಡ್ವಾರ್ಫ್‌ಗಳದು. 2002ರ ಕಂಪ್ಯೂಟರ್ ಗೇಮ್ ಮಾರೋವಿಂಡ್‌ನಲ್ಲಿ ಡಾರ್ಕ್ ಎಲ್ಫ್‌ಗಳ ದ್ವೀಪಕ್ಕೆ ಬಂದಿಳಿದ ನಿಮ್ಮನ್ನು ಅಲ್ಲಿನವರು ಹೊರಗಿನವರು ಅಂತಲೇ ಕರೆಯುತ್ತಾರೆ. 2008ರ ಮೌಸ್ ಗಾರ್ಡ್‌ನಲ್ಲಂತೂ ಮನುಷ್ಯರೇ ಇಲ್ಲ, ಎಲ್ಲರೂ ಇಲಿಗಳು.

ಆದರೆ ನಮಗೆ ಇದಕ್ಕಿಂತ ಹತ್ತಿರದ ಉದಾಹರಣೆ ರಾಮಾಯಣ. ದೇವತೆಗಳು, ಯಕ್ಷರು, ದಾನವರಿಂದ ಸಾವು ಬಾರದಂತೆ ರಾವಣ ವರ ಕೇಳಿದ. ಮನುಷ್ಯರನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಆನೆಗೊಂದಿಯ ಕಡೆಯವರು ನಮ್ಮದೇ ಅನ್ನುವ ಕಿಷ್ಕಿಂಧೆಯಲ್ಲಿ, ಅಷ್ಟು ದೊಡ್ಡ ವಾನರ ರಾಜ್ಯದ ನಡುವೆ ಮನುಷ್ಯರು ಅಂದರೆ ಅಣ್ಣತಮ್ಮ ಇಬ್ಬರೇ. ಲಂಕೆಯಲ್ಲಿ ರಾಕ್ಷಸರ ನಡುವೆ ಸೀತೆ ಒಬ್ಬಳೇ. ವಾಲ್ಮೀಕಿಯ ಸುಂದರಕಾಂಡದಲ್ಲಿ ಮರದ ಮೇಲೆ ಕೂತ ಹನುಮಂತ ಯೋಚಿಸುತ್ತಾನೆ: ಪಂಡಿತರ ಸಂಸ್ಕೃತದಲ್ಲಿ ಮಾತಾಡಿದರೆ ರಾವಣನೇ ಬಂದ ಅಂತ ಇವಳು ಹೆದರುತ್ತಾಳೆ, ಮನುಷ್ಯರ ಮಾತಿನಲ್ಲೇ ಮಾತಾಡಬೇಕು. ಆ ಒಂಟಿ ಹೆಂಗಸಿಗೋಸ್ಕರ ಒಬ್ಬ ವಾನರ ಇಷ್ಟು ಯೋಚನೆ ಮಾಡುತ್ತಾನೆ. ಅಪರೂಪದ ಮನುಷ್ಯರ ಬಗ್ಗೆ ನನಗೆ ಗೊತ್ತಿರುವ ಅತ್ಯುತ್ತಮ ದೃಶ್ಯ ಇದೇ.

ಈಗ ಗೇಮ್ ಮಾಸ್ಟರ್‌ಗಳಿಗೆ ಒಂದೆರಡು ಮಾತು. ಬಹಳಷ್ಟು ಆಟಗಳ ಪ್ರಕಾರ ಮನುಷ್ಯರ ಆಯಸ್ಸು ಕಡಿಮೆ, ಸಂಸಾರ ಬೇಗ ಬೆಳೆಯುತ್ತದೆ. ಅಂಥವರು ಕಡಿಮೆ ಇದ್ದಾರೆ ಅಂದರೆ ಕಾರಣ ಬೇಕು. ಹಡಗು ಒಡೆದು ಬಂದವರು ಅನ್ನಬಹುದು, ರೋಗ ಬಂದು ಅಳಿದರು ಅನ್ನಬಹುದು. ಅಳಿದ ಸಾಮ್ರಾಜ್ಯದ ಕೊನೆಯ ಕುಡಿ ಅನ್ನುವುದನ್ನು ದಯವಿಟ್ಟು ಬೇಡ ಅನ್ನುತ್ತೇನೆ. ಹಾಗೆ ಮಾಡಿದರೆ ಮೂರನೇ ಸೆಷನ್‌ಗೆ ಭವಿಷ್ಯವಾಣಿ ಬರುತ್ತದೆ, ಐದನೆಯದಕ್ಕೆ ಸಿಂಹಾಸನ. ಉಳಿದ ಆಟಗಾರರು ಆ ಕೊನೆಯ ಕುಡಿಯ ಪರಿವಾರ ಆಗಿಬಿಡುತ್ತಾರೆ.

ನನಗೆ ತುಂಬ ಇಷ್ಟವಾದ ಕಾರಣ ಮದುವೆ. ಮನುಷ್ಯರು ಎಲ್ಫ್‌ಗಳಲ್ಲಿ, ಓರ್ಕ್ ಎಂಬ ಇನ್ನೊಂದು ಕಾಲ್ಪನಿಕ ಜನರಲ್ಲಿ ಹೆಣ್ಣು ಕೊಟ್ಟು ತಂದು, ನೂರಾರು ವರ್ಷಗಳಲ್ಲಿ ಅವರೊಳಗೇ ಬೆರೆತು ಹೋಗಿದ್ದಾರೆ. ಯುದ್ಧ ಇಲ್ಲ, ಶಾಪ ಇಲ್ಲ. ಪೂರ್ತಿ ಮನುಷ್ಯರು ಅಲ್ಲೊಬ್ಬರು ಇಲ್ಲೊಬ್ಬರು. ಆದರೆ ಯಾವ ಓರ್ಕ್ ಹಟ್ಟಿಗೆ ಹೋದರೂ ‘ನಮ್ಮಜ್ಜಿ ನಿಮ್ಮವರೇ’ ಅನ್ನುವ ಒಬ್ಬರು ಸಿಗುತ್ತಾರೆ. ಆ ಅಜ್ಜಿ ಕಲಿಸಿದ ಒಂದು ಅಡುಗೆ, ಒಂದು ಬೈಗುಳ ಆ ಮನೆಯಲ್ಲಿ ಉಳಿದಿರುತ್ತದೆ. ಆಟಗಾರನಿಗೆ ಊರೂರಲ್ಲೂ ನಂಟು, ಊರೂರಲ್ಲೂ ಋಣ. ಕಥೆ ಕಟ್ಟಲು ಇಷ್ಟು ಸಾಕಷ್ಟೇ.

ನಿಯಮದಲ್ಲಿ ನಾನು ಮಾಡುವ ಬದಲಾವಣೆ ಒಂದೇ. ಮನುಷ್ಯರಿಗೆ ಸಿಗುವ ಹೆಚ್ಚುವರಿ ಫೀಟ್ ಹಾಗೇ ಇರಲಿ. ಎಲ್ಲರಿಗೂ ಹುಟ್ಟಿನಿಂದಲೇ ಬರುವ ಆ ‘ಕಾಮನ್’ ಭಾಷೆಯನ್ನು ತೆಗೆದುಹಾಕಿ. ಡ್ವಾರ್ಫ್ ಭಾಷೆಯೋ ಓರ್ಕ್ ಭಾಷೆಯೋ ಆ ಸೀಮೆಯ ಸಂತೆ ಭಾಷೆ ಆಗಲಿ, ಮನುಷ್ಯ ಅದನ್ನು ಕಲಿತೇ ಬದುಕಲಿ. ಮೊದಲ ಸೆಷನ್‌ನಲ್ಲೇ ಫರಕ್ಕು ನಿಮಗೆ ತಿಳಿಯುತ್ತದೆ.

ಇಷ್ಟು ಹೇಳಿ ನಿಲ್ಲಿಸುತ್ತೇನೆ. ಪ್ರಶ್ನೆ ಇದ್ದವರು ಕೇಳಿ.