ಮನೇಲಿ ಕಟ್ಟಿದ ಕಾರಿಗೆ ಪರೀಕ್ಷೆ ಯಾಕೆ ಅನ್ನುವವರಿಗೆ

ನಮಸ್ಕಾರ. ಇವತ್ತು ಸ್ವಲ್ಪ ಜಗಳದ ವಿಷಯ. ಮನೆಯ ಗ್ಯಾರೇಜಿನಲ್ಲಿ ತಾವೇ ಕೂತು ಸ್ಪೋರ್ಟ್ಸ್ ಕಾರ್ ಕಟ್ಟುವವರು ಇದ್ದಾರಲ್ಲ, ಕಿಟ್ ಕಾರ್ ಮಂದಿ, ಅವರು ನಾಲ್ಕು ಜನ ಸೇರಿದರೆ ಸಾಕು, ಒಂದು ಗೊಣಗಾಟ ಶುರುವಾಗುತ್ತದೆ. "ಕಾರು ನನ್ನದು, ಕಟ್ಟಿದವನು ನಾನು, ಓಡಿಸುವವನೂ ನಾನೇ. ಟಾರ್ಚ್ ಹಿಡಿದು ಅದರ ಕೆಳಗೆ ಇಣುಕೋಕೆ ಸರ್ಕಾರದವನು ಯಾಕೆ ಬರಬೇಕು?" ಬರಲಿ ಬಿಡಿ ಅನ್ನುತ್ತೇನೆ ನಾನು. ಕಿಟ್ ಕಟ್ಟುವವರಿಗೆ ಆತನಷ್ಟು ಉಪಕಾರ ಮಾಡುವವರು ಇನ್ನೊಬ್ಬರಿಲ್ಲ.

ಕಿಟ್ ಕಾರ್ ಅಂದರೇನು ಅಂತ ಗೊತ್ತಿಲ್ಲದವರಿಗೆ ಬೇಗ ಹೇಳಿಬಿಡುತ್ತೇನೆ. ಕಂಪನಿಯವರು ಚಾಸಿ (ಕಾರಿನ ಚೌಕಟ್ಟು), ಫೈಬರ್ ಬಾಡಿ, ಸಸ್ಪೆನ್ಶನ್ ಭಾಗಗಳು, ಇವನ್ನೆಲ್ಲ ಪೆಟ್ಟಿಗೆಗಳಲ್ಲಿ ತುಂಬಿ ಕಳಿಸುತ್ತಾರೆ. ಎಂಜಿನ್, ಗೇರ್‌ಬಾಕ್ಸ್, ಡಿಫರೆನ್ಶಿಯಲ್ ಇಂಥವನ್ನು ಸಾಮಾನ್ಯವಾಗಿ ಒಂದು ಹಳೇ ಕಾರಿನಿಂದ ಬಿಚ್ಚಿ ತರಬೇಕು. ಆ ಹಳೇ ಕಾರಿಗೆ ಡೋನರ್ ಅನ್ನುತ್ತಾರೆ. ಬ್ರಿಟನ್ನಿನಲ್ಲಿ ಒಂದು ಕಾಲಕ್ಕೆ ಫೋರ್ಡ್ ಎಸ್ಕಾರ್ಟ್, ಸಿಯೆರಾ ಬಲಿಯಾಗುತ್ತಿದ್ದವು. ಆಮೇಲೆ ಮಜ್ದಾ ಎಂಎಕ್ಸ್-5 ಸರದಿ. ಅಮೆರಿಕದಲ್ಲಿ ಕೋಬ್ರಾ ಅನ್ನೋ ಹಳೇ ಸ್ಪೋರ್ಟ್ಸ್ ಕಾರಿನ ಮಾದರಿ ಕಟ್ಟುವವರಿಗೆ ಫೋರ್ಡ್ ಮಸ್ಟಾಂಗ್.

ಬ್ರಿಟನ್ನಿನಲ್ಲಿ ಈ ಹುಚ್ಚಿಗೆ ನೀರು ಗೊಬ್ಬರ ಹಾಕಿದ್ದು ತೆರಿಗೆ. 1957ರಲ್ಲಿ ಕಾಲಿನ್ ಚಾಪ್ಮನ್ ಅವರ ಲೋಟಸ್ ಕಂಪನಿ 'ಸೆವೆನ್' ಅನ್ನೋ ಪುಟ್ಟ ಕಾರು ತಂದಿತು. ಆಗ ಪೂರ್ತಿ ತಯಾರಾದ ಕಾರಿಗೆ ಖರೀದಿ ತೆರಿಗೆ ಇತ್ತು. ಬಿಡಿ ಭಾಗವಾಗಿ ತಂದು ಮನೇಲಿ ಜೋಡಿಸಿಕೊಂಡರೆ ಅದು ತಪ್ಪುತ್ತಿತ್ತು. ಜೋಡಿಸುವುದು ಹೇಗೆ ಅಂತ ಪುಸ್ತಕ ಕೊಡುವ ಹಾಗಿರಲಿಲ್ಲವಂತೆ. ಅದಕ್ಕೆ ಕಾರನ್ನು ಬಿಚ್ಚುವುದು ಹೇಗೆ ಅಂತ ಬರೆದುಕೊಟ್ಟರು, ಗಿರಾಕಿ ಅದನ್ನು ಹಿಂದಿನಿಂದ ಮುಂದಕ್ಕೆ ಓದಿಕೊಂಡ. ಈ ಕಥೆ ಕಿಟ್ ಮಂದಿಯ ಬಾಯಲ್ಲಿ ಇವತ್ತಿಗೂ ಓಡಾಡುತ್ತದೆ. 1973ರಲ್ಲಿ ಬಿಡಿ ಭಾಗಗಳಿಗೂ ಬೀಳುವ ವ್ಯಾಟ್ ತೆರಿಗೆ ಬಂತು, ಆ ಲಾಭ ಹೋಯಿತು. ಅದೇ ವರ್ಷ ಸೆವೆನ್ ಕಾರಿನ ಹಕ್ಕು ಕೇಟರ್‌ಹ್ಯಾಮ್ ಕಂಪನಿಯ ಕೈಗೆ ಬಂತು. ತೆರಿಗೆ ಉಳಿಯದಿದ್ದರೂ ಜನ ಕಟ್ಟುವುದು ಬಿಡಲಿಲ್ಲ. ಅಂದರೆ ಇದು ದುಡ್ಡಿನ ಲೆಕ್ಕಾಚಾರ ಅಲ್ಲವೇ ಅಲ್ಲ. ಕೈಯಾರೆ ಮಾಡಿದ್ದು ರಸ್ತೆಗೆ ಇಳಿಯಬೇಕು ಅನ್ನೋ ಆಸೆ ಅದು. ಸರಿ, ಆ ರಸ್ತೆಯಲ್ಲಿ ಬೇರೆಯವರೂ ಇರುತ್ತಾರಲ್ವಾ?

ಈಗ ಬ್ರೇಕ್ ಪೈಪಿಗೆ ಬರೋಣ. ಕಿಟ್ ಕಟ್ಟುವವರು ಎಂಜಿನ್ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ, ಈ ಪೈಪಿನ ಬಗ್ಗೆ ಯಾರೂ ಮಾತಾಡುವುದಿಲ್ಲ. ಪೆಡಲ್ ಒತ್ತಿದಾಗ ಚಕ್ರದ ಬ್ರೇಕಿಗೆ ದ್ರವ ಒಯ್ಯುವ ತಾಮ್ರ-ನಿಕಲ್ ಮಿಶ್ರಣದ ಸಣ್ಣ ಕೊಳವೆ, ದಪ್ಪ ಐದು ಮಿಲಿಮೀಟರಿಗೂ ಕಮ್ಮಿ. ಚಾಸಿಯ ಮೂಲೆಗಳಿಗೆ ತಕ್ಕಂತೆ ಕೈಯಲ್ಲೇ ಬಾಗಿಸಬಹುದು. ತುದಿಯನ್ನು ನೇರವಾಗಿ ಕತ್ತರಿಸಬೇಕು, ಒಳಗಿನ ಚೂರು ಕೆರೆದು ತೆಗೆಯಬೇಕು, ಆಮೇಲೆ ಫ್ಲೇರಿಂಗ್ ಟೂಲಿನಲ್ಲಿ ಹಿಡಿಸಿ ಬಾಯಿ ಅಗಲ ಮಾಡಬೇಕು. ಅದಕ್ಕೂ ಮೊದಲು ನಟ್ಟನ್ನು ಪೈಪಿಗೆ ಪೋಣಿಸಿರಬೇಕು. ಎರಡೂ ತುದಿ ಚಂದವಾಗಿ ಫ್ಲೇರ್ ಮಾಡಿ ಮುಗಿಸಿ ನೋಡಿದರೆ ನಟ್ಟು ಟೇಬಲ್ ಮೇಲೇ ಕೂತಿರುತ್ತದೆ. ಕಿಟ್ ಕಟ್ಟಿದವರನ್ನು ಕೇಳಿ ನೋಡಿ, ನಗುತ್ತಾರೆ. ಅದೇನೋ ನಗುವ ತಪ್ಪು, ಪೈಪ್ ಕತ್ತರಿಸಿ ಎಸೆದರೆ ಮುಗಿಯಿತು. ಆದರೆ ಫ್ಲೇರಿನ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದರೆ? ನಟ್ಟು ಬಿಗಿ ಮಾಡಿದ ಮೇಲೆ ಅದು ಕಣ್ಣಿಗೆ ಬೀಳುವುದೇ ಇಲ್ಲ. ಗ್ಯಾರೇಜಿನಲ್ಲಿ ಪೆಡಲ್ ಗಟ್ಟಿಯಾಗೇ ಇರುತ್ತದೆ. ಜೋರಾಗಿ ಬ್ರೇಕ್ ಹಾಕಬೇಕಾದ ದಿನ ಕಾಲು ಸೀದಾ ಕೆಳಗೆ ಹೋಗುತ್ತದೆ.

ವೈರಿಂಗ್ ಇನ್ನೊಂದು ಪ್ರಹಸನ. ಮಾಮೂಲಿ ಕಾರಿನ ಬಾಡಿ ಉಕ್ಕಿನದು. ದೀಪಕ್ಕೆ ಹೋದ ಕರೆಂಟು ಬಾಡಿ ಮೂಲಕವೇ ಬ್ಯಾಟರಿಗೆ ವಾಪಸ್ ಬರುತ್ತದೆ. ಫೈಬರ್ ಬಾಡಿಯಲ್ಲಿ ಕರೆಂಟು ಹರಿಯುವುದಿಲ್ಲ. ಹಾಗಾಗಿ ಆ ಬಾಡಿ ಮೇಲೆ ಕೂತ ಒಂದೊಂದು ದೀಪಕ್ಕೂ ಅರ್ಥ್ ವೈರ್ ಬೇರೆಯಾಗಿ ಎಳೆಯಬೇಕು, ಅದು ಚಾಸಿಗೆ ಸೇರುವ ಜಾಗದಲ್ಲಿ ಪೇಂಟ್ ಕೆರೆದು ಬರಿ ಲೋಹ ಕಾಣಿಸಬೇಕು. ಪೇಂಟ್ ಮೇಲೆ ಹಾಗೇ ಬೋಲ್ಟ್ ಕೂರಿಸಿದರೆ ಎಡಗಡೆ ಇಂಡಿಕೇಟರ್ ಹಾಕಿದಾಗ ಬ್ರೇಕ್ ಲೈಟೂ ಜೊತೆಗೆ ಮಿಣುಕುತ್ತದೆ. ಹಿಂದಿನ ಗಾಡಿಯವನಿಗೆ ನೀವು ತಿರುಗುತ್ತೀರೋ ನಿಲ್ಲಿಸುತ್ತೀರೋ ತಿಳಿಯುವುದೇ ಇಲ್ಲ.

ಇಂಥವೆಲ್ಲ ಕಟ್ಟಿದವರ ಕಣ್ಣಿಗೆ ಯಾಕೆ ಬೀಳುವುದಿಲ್ಲ ಅಂದರೆ, ಅವರು ಅದನ್ನು ದಿನಾ ನೋಡುತ್ತಾರೆ. ತಿಂಗಳುಗಟ್ಟಲೆ ಅದೇ ಬೋಲ್ಟಿನ ಮುಂದೆ ಓಡಾಡಿದವರಿಗೆ ಅದು ಟೈಟ್ ಇದೆ ಅಂತಲೇ ಕಾಣುತ್ತದೆ. ಹುಷಾರಾದ ಮೆಕ್ಯಾನಿಕ್‌ಗಳಿಗೆ ಇದು ಗೊತ್ತು. ಅದಕ್ಕೇ ಟಾರ್ಕ್ ರೆಂಚಿನಲ್ಲಿ (ಎಷ್ಟು ಬಿಗಿ ಅಂತ ಅಳೆಯುವ ಸ್ಪ್ಯಾನರ್) ಬಿಗಿ ಮಾಡಿದ ಕೂಡಲೇ ನಟ್ಟಿಗೂ ಬೋಲ್ಟಿಗೂ ಸೇರಿಸಿ ಪೇಂಟಿನ ಒಂದು ಗೆರೆ ಎಳೆಯುತ್ತಾರೆ. ಗೆರೆ ಮುರಿದಿದ್ದರೆ ನಟ್ಟು ತಿರುಗಿದೆ. ಗೆರೆಯೇ ಇಲ್ಲದಿದ್ದರೆ ಕೈಯೇ ಹಾಕಿಲ್ಲ. ಇದು ಒಳ್ಳೇ ಅಭ್ಯಾಸ. ಆದರೂ ಗೆರೆ ಎಳೆದವರೇ ಗೆರೆ ನೋಡಿದರೆ ಅರ್ಧ ಕೆಲಸವೇ. ಕಾರಿನ ಮೇಲೆ ಮಮತೆ ಇಲ್ಲದ ಒಬ್ಬ ಅಪರಿಚಿತ ನೋಡಬೇಕು.

ಬ್ರಿಟನ್ನಿನಲ್ಲಿ ಆ ಅಪರಿಚಿತನ ಪರೀಕ್ಷೆಗೆ ಐವಿಎ, ಅಂದರೆ ಇಂಡಿವಿಜುವಲ್ ವೆಹಿಕಲ್ ಅಪ್ರೂವಲ್ ಅನ್ನುತ್ತಾರೆ. 1998ರಲ್ಲಿ ಎಸ್‌ವಿಎ ಅಂತ ಬಂದದ್ದು 2009ರಿಂದ ಈ ರೂಪಕ್ಕೆ ತಿರುಗಿತು. ಪಾಸಾಗದೆ ಹೊಸ ಕಿಟ್ ಕಾರಿಗೆ ನಂಬರ್ ಸಿಗುವುದಿಲ್ಲ. ಹವ್ಯಾಸಿಗಳ ಮೇಲೆ ಕರುಣೆಯೂ ಇದೆ. ದೊಡ್ಡ ಕಂಪನಿಗಳ ಹಾಗೆ ಕಾರನ್ನು ಗೋಡೆಗೆ ಗುದ್ದಿ ತೋರಿಸಿ ಅಂತ ಯಾರೂ ಕೇಳುವುದಿಲ್ಲ. ನಾನೇ ಕಟ್ಟಿದ್ದು ಅನ್ನೋದಕ್ಕೆ ಫೋಟೋ, ಬಿಲ್ಲು ಇಟ್ಟುಕೊಂಡಿರಬೇಕು, ಅಷ್ಟೇ. ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಮ್ಮಿ ತೋರಿಸಬಾರದು. ತಿರುವಿನಲ್ಲಿ ಕೈ ಸಡಿಲ ಬಿಟ್ಟರೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರಬೇಕು. ಈ ಕೊನೆಯದರಲ್ಲಿ ತುಂಬಾ ಜನ ಒದ್ದಾಡುತ್ತಾರೆ. ಸೈಕಲ್ಲಿನ ಮುಂದಿನ ಫೋರ್ಕ್ ಹಿಂದಕ್ಕೆ ವಾಲಿರುತ್ತದಲ್ಲ, ಕಾರಿನ ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ತಿರುಗುವ ಅಕ್ಷಕ್ಕೂ ಅಂಥದೇ ವಾಲು ಇರಬೇಕು. ಅದನ್ನು ಕ್ಯಾಸ್ಟರ್ ಅನ್ನುತ್ತಾರೆ. ಸೆವೆನ್ ಥರದ ಕಾರಿನ ತೂಕ ಸುಮಾರು 500 ಕಿಲೋ, ಮುಂದಿನ ಚಕ್ರದ ಮೇಲೆ ಭಾರವೇ ಇರುವುದಿಲ್ಲ. ಕ್ಯಾಸ್ಟರ್ ಕಮ್ಮಿಯಾದರೆ ಸ್ಟೇರಿಂಗ್ ತಿರುಗಿದ ಕಡೆಯೇ ನಿಂತುಬಿಡುತ್ತದೆ. ಪರೀಕ್ಷೆಯವರು ಫೇಲ್ ಮಾಡಿದ ಮೇಲೆ ಅದನ್ನು ಸರಿಮಾಡಿಕೊಂಡವರನ್ನು ಕೇಳಿ. ಬೈಯುತ್ತಲೇ ಒಪ್ಪುತ್ತಾರೆ, ಕಾರು ಓಡಿಸಲು ಈಗ ಚೆನ್ನಾಗಿದೆ ಅಂತ.

ಅಮೆರಿಕದಲ್ಲಿ ರಾಜ್ಯಕ್ಕೊಂದು ನಿಯಮ. ಕ್ಯಾಲಿಫೋರ್ನಿಯಾದಲ್ಲಿ ತಲೆಬಿಸಿ ಹೊಗೆಯ ಬಗ್ಗೆ. ಹೀಗೆ ಕಟ್ಟಿದ ಗಾಡಿಗಳಿಗೆ ಹೊಗೆ ನಿಯಮದಲ್ಲಿ ರಿಯಾಯಿತಿ ಉಂಟು, ಆದರೆ ವರ್ಷಕ್ಕೆ 500 ಗಾಡಿಗಳಿಗೆ ಮಾತ್ರ. ಗಾಳಿಯ ಮೇಲಿನ ಕಾಳಜಿ ಒಳ್ಳೆಯದೇ. ಬ್ರೇಕ್ ಪೈಪಿನ ಮೇಲೂ ಅಷ್ಟೇ ಕಾಳಜಿ ಇರಲಿ ಅನ್ನೋದು ನನ್ನ ಆಸೆ.

ಹಾಗಂತ ಬ್ರಿಟನ್ನಿನ ನಿಯಮಗಳೆಲ್ಲ ನನಗೆ ಇಷ್ಟ ಅಂತಲ್ಲ. ಬಾಡಿಯ ಹೊರಗೆ ಚಾಚಿಕೊಂಡ ಗಟ್ಟಿ ಅಂಚುಗಳು ಕನಿಷ್ಠ 2.5 ಮಿಲಿಮೀಟರ್ ತ್ರಿಜ್ಯಕ್ಕೆ ದುಂಡಗಿರಬೇಕು. 100 ಮಿಲಿಮೀಟರ್ ಅಗಲದ ಚೆಂಡಿನಂಥ ಗುಂಡನ್ನು ತಾಗಿಸಿ ಅದು ಮುಟ್ಟುವ ಜಾಗಗಳನ್ನು ನೋಡುತ್ತಾರೆ. ದಾರಿಹೋಕರಿಗೆ ಕಾರು ತಗುಲಿದರೆ ಅಂಚು ಸೀಳಬಾರದು ಅನ್ನೋ ಉದ್ದೇಶ ಸರಿ. ಆದರೆ ಬೋಲ್ಟಿನ ತುದಿಗೆಲ್ಲ ಪ್ಲಾಸ್ಟಿಕ್ ಟೋಪಿ ಹಾಕಿ, ಅಂಚಿಗೆಲ್ಲ ರಬ್ಬರ್ ಪಟ್ಟಿ ಅಂಟಿಸಿದ ಸ್ಪೋರ್ಟ್ಸ್ ಕಾರು ನೋಡೋಕೆ ಪಾಪ ಅನ್ನಿಸುತ್ತದೆ.

ಕೆಲವರು ಇದಕ್ಕೆ ಸುಲಭದ ದಾರಿ ಕಂಡುಕೊಂಡಿದ್ದಾರೆ. ಪರೀಕ್ಷೆಗೆ ಮುಂಚೆ ಟೋಪಿ, ಪಟ್ಟಿ ಎಲ್ಲ ಹಾಕುವುದು, ಪಾಸಾಗಿ ಮನೆಗೆ ಬಂದ ಸಂಜೆಯೇ ಕಿತ್ತು ಎಸೆಯುವುದು. ಇದನ್ನು ಜಾಣತನ ಅಂತ ಹೇಳಿಕೊಂಡು ನಗುವವರೂ ಇದ್ದಾರೆ. ನನಗೆ ನಗು ಬರುವುದಿಲ್ಲ. ನಿಯಮ ಅತಿಯಾಯಿತು ಅನ್ನಿಸಿದರೆ ಕಾರಿನ ವಿನ್ಯಾಸ ಬದಲಾಯಿಸಿ, ಕಿಟ್ ಮಾರುವವರ ಹತ್ತಿರ ಜಗಳ ಆಡಿ, ಅಂಚು ಮೊದಲೇ ದುಂಡಗಿರುವ ಭಾಗ ಕೇಳಿ. ಒಳ್ಳೇ ಕಿಟ್‌ನವರು ಕೊಡುತ್ತಾರೆ ಕೂಡ. ಅದೂ ಆಗದಿದ್ದರೆ ರಬ್ಬರ್ ಪಟ್ಟಿ ಇರಲಿ ಬಿಡಿ. ನಿಮಗೆ ಬೇರೆ ಥರ ಅನ್ನಿಸಿದರೆ ಬರೆಯಿರಿ, ಮುಂದಿನ ಸಲ ಓದುತ್ತೇನೆ. ಆದರೆ ಬೈಯುವ ಮುಂಚೆ ಒಂದು ಸಲ ಕಾರಿನ ಕೆಳಗೆ ಹೋಗಿ ಆ ಬ್ರೇಕ್ ಪೈಪಿನ ನಟ್ಟುಗಳ ಸುತ್ತ ಒಣ ಬಟ್ಟೆಯಿಂದ ಒರೆಸಿ ನೋಡಿ. ಬಟ್ಟೆ ಒದ್ದೆಯಾದರೆ ಅದನ್ನೂ ಬರೆಯಿರಿ.