ಮರದ ಡ್ರ್ಯಾಗನ್, ಕಲ್ಲುಹಾಸಿನ ಚೌಕ

ನಮಸ್ಕಾರ. ಸ್ಟಾಕ್‌ಹೋಮ್‌ನ ಹಳೆಯ ಪೇಟೆ ಗಮ್ಲಾ ಸ್ಟಾನ್‌ಗೆ ಬಂದ ಹಲವರು, ಇಳಿಜಾರಿನ ಬೀದಿಯಲ್ಲಿ ಡ್ರ್ಯಾಗನ್ ಕೊಲ್ಲುತ್ತಿರುವ ಸಂತ ಜಾರ್ಜನ ಕಂಚಿನ ಪ್ರತಿಮೆಯ ಮುಂದೆ ಫೋಟೊ ತೆಗೆಸಿಕೊಂಡು ಹೊರಟುಬಿಡುತ್ತಾರೆ. ಅದು 1912ರಲ್ಲಿ ನಿಲ್ಲಿಸಿದ ಪ್ರತಿರೂಪ. ಮೂಲ ಶಿಲ್ಪ ಕೂಗಳತೆಯ ದೂರದ ಸ್ಟೋರ್‌ಶಿರ್ಕಾನ್ ಎಂಬ ದೊಡ್ಡ ಚರ್ಚಿನೊಳಗಿದೆ. ಟಿಕೆಟ್ಟಿನ ದುಡ್ಡಿಗೆ ಹಿಂದೆಮುಂದೆ ನೋಡಿ ಅದನ್ನು ಬಿಟ್ಟು ಬರುವುದು ದೊಡ್ಡ ತಪ್ಪು ಎಂದೇ ನನ್ನ ಅಭಿಪ್ರಾಯ.

1489ರಲ್ಲಿ ಪ್ರತಿಷ್ಠಾಪನೆಗೊಂಡ ಆ ಶಿಲ್ಪ ಓಕ್ ಮರದ್ದು. ಬೆರ್ಂಟ್ ನೋಟ್ಕೆ ಅದರ ಶಿಲ್ಪಿ ಎಂಬುದು ರೂಢಿಯ ಮಾತು. ಹತ್ತಿರ ನಿಂತು ನೋಡಿದರೆ, ಡ್ರ್ಯಾಗನ್ನಿನ ಮೈಯಿಂದ ಚಾಚಿಕೊಂಡಿರುವ ಮುಳ್ಳುಗಳು ಮರದಲ್ಲಿ ಕೆತ್ತಿದವಲ್ಲ, ಎಲ್ಕ್ ಎಂಬ ದೊಡ್ಡ ಜಿಂಕೆಯ ನಿಜವಾದ ಕೊಂಬುಗಳು ಎಂದು ತಿಳಿಯುತ್ತದೆ. ಕೆಳಗೆ ಅದು ತಿಂದು ಬಿಟ್ಟ ಮನುಷ್ಯರ ಅವಶೇಷಗಳು ಬಿದ್ದಿವೆ. ನೋಡಲು ಭಕ್ತಿಯ ಶಿಲ್ಪ, ಆದರೆ ಒಳಗಿರುವುದು ಅಪ್ಪಟ ರಾಜಕೀಯ. 1471ರ ಬ್ರುಂಕೆಬರ್ಗ್ ಕದನದಲ್ಲಿ ಡೆನ್ಮಾರ್ಕಿನ ದೊರೆ ಒಂದನೆಯ ಕ್ರಿಶ್ಚಿಯನ್ ಮುಖಕ್ಕೆ ಗುಂಡೇಟು ತಿಂದು, ಹಲ್ಲು ಕಳೆದುಕೊಂಡು ಹಿಮ್ಮೆಟ್ಟಿದ. ಗೆದ್ದ ಸ್ವೀಡನ್ನಿನ ಆಡಳಿತಗಾರ, ಹಿರಿಯ ಸ್ಟೆನ್ ಸ್ಟೂರೆ ಇದನ್ನು ಮಾಡಿಸಿದ. ಜಾರ್ಜ್ ಎಂದರೆ ಸ್ಟೂರೆ, ಡ್ರ್ಯಾಗನ್ ಎಂದರೆ ಡೆನ್ಮಾರ್ಕ್, ಪಕ್ಕದ ರಾಜಕುಮಾರಿ ಎಂದರೆ ಸ್ವೀಡನ್ ಎಂದು ಇಂದಿಗೂ ಅರ್ಥ ಹೇಳುತ್ತಾರೆ.

ಆದರೆ ಸತ್ತ ಡ್ರ್ಯಾಗನ್, ಶಿಲ್ಪ ನಿಂತ 31 ವರ್ಷಗಳ ಬಳಿಕ, ಅದೇ ಚರ್ಚಿಗೆ ನಡೆದುಬಂತು. ಸೋತವನ ಮೊಮ್ಮಗ ಎರಡನೆಯ ಕ್ರಿಶ್ಚಿಯನ್ ಸ್ಟಾಕ್‌ಹೋಮನ್ನು ಗೆದ್ದು, 1520ರ ನವೆಂಬರ್ 4ರಂದು, ತಾತನ ಸೋಲನ್ನು ಸಾರುತ್ತಿದ್ದ ಶಿಲ್ಪವಿದ್ದ ಸೂರಿನಡಿಯಲ್ಲೇ ಸ್ವೀಡನ್ನಿನ ಕಿರೀಟ ತೊಟ್ಟ. ಮೂರು ದಿನ ಔತಣ, ಉತ್ಸವ. ಆಮೇಲೆ, ಕ್ಷಮಾದಾನದ ಮಾತು ಕೊಟ್ಟಿದ್ದರೂ, ಪಕ್ಕದ ಸ್ಟೋರ್‌ಟೋರ್ಯೆಟ್ ಚೌಕದಲ್ಲಿ ಬಿಷಪ್ಪರು, ಸರದಾರರು, ಪೇಟೆಯ ಪ್ರಮುಖರು ಎನ್ನದೆ ಸುಮಾರು 80ರಿಂದ 100 ಜನರನ್ನು ಕೊಲ್ಲಿಸಿದ. ಅದೇ ವರ್ಷ ಯುದ್ಧದ ಗಾಯದಿಂದ ಸತ್ತಿದ್ದ ಸ್ವೀಡನ್ನಿನ ಆಡಳಿತಗಾರ, ಅದೇ ಹೆಸರಿನ ಕಿರಿಯ ಸ್ಟೆನ್ ಸ್ಟೂರೆಯ ಶವವನ್ನೂ ಬಿಡದೆ, ಹೂತಲ್ಲಿಂದ ತೆಗೆಸಿ ಸುಡಿಸಿದ.

ಆ ಚೌಕದ ಕೆಂಪು ಮನೆಯ ಗೋಡೆಯಲ್ಲಿರುವ ಬಿಳಿ ಕಲ್ಲುಗಳು ಅಂದು ಸತ್ತವರ ಲೆಕ್ಕ ಎಂಬ ಕಥೆ ನಿಮ್ಮ ಕಿವಿಗೂ ಬೀಳಬಹುದು. ನಂಬಬೇಡಿ, ಆ ಮುಂಗೋಡೆ 17ನೆಯ ಶತಮಾನದ್ದು. ಇಂಥ ಕಟ್ಟುಕಥೆ ಆ ಜಾಗಕ್ಕೆ ಬೇಕಾಗಿಯೂ ಇಲ್ಲ. ಮೊದಲು ಚರ್ಚಿನೊಳಗಿನ ಮರದ ಶಿಲ್ಪವನ್ನು ನೋಡಿ, ಅಲ್ಲಿಂದ ನೇರವಾಗಿ ಚೌಕಕ್ಕೆ ನಡೆಯಿರಿ. ಎರಡು ನಿಮಿಷವೂ ಹಿಡಿಯುವುದಿಲ್ಲ. ಕಂಚಿನ ಪ್ರತಿರೂಪದ ಮುಂದಿನ ಫೋಟೊ ಆಮೇಲೆ ತೆಗೆಸಿಕೊಂಡರಾಯಿತು.